ತೈವಾನಿನ ಗಾಳಿಮಾತು, ಹೊಸಪೇಟೆಯ ನೀಲಕ್ಕ

ಹೊಸಪೇಟೆಯ ನೀಲಗಂಗಮ್ಮ ನಸುಕಿನಲ್ಲಿ ಬೆಸುಗೆಯ ಸಾಲ್ಡರಿಂಗ್ ಕಡ್ಡಿ ಕಾಯಲು ಇಟ್ಟರೆ ತುಂಗಭದ್ರಾ ಜಲಾಶಯದ ನೀರು ಒಂದು ಅಡಿ ಇಳಿಯುತ್ತದೆ. ಕಾಲುವೆಗೆ ಹರಿದಲ್ಲ, ಆ ಕಡ್ಡಿಯ ಕಾವಿಗೆ ಆವಿಯಾಗಿ. ಆವಿ ಮೋಡವಾಗಿ ಸಂಡೂರಿನ ಗುಡ್ಡಗಳ ಮೇಲೆ ಸ್ವಲ್ಪ ಹೊತ್ತು ಕೂತು, ಮಧ್ಯಾಹ್ನದೊಳಗೆ ಮಳೆಯಾಗಿ ಮತ್ತೆ ಜಲಾಶಯಕ್ಕೇ ಇಳಿಯುವುದರಿಂದ ಇದುವರೆಗೆ ಯಾರೂ ಗಮನಿಸಿಲ್ಲ, ಅಷ್ಟೇ. ನಂಬದವರು ನಸುಕಿನಲ್ಲಿ ಎದ್ದು ಅಳತೆಗೋಲು ಹಿಡಿದು ಹೋಗಬಹುದು.

ಆ ಹೊತ್ತಿಗೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಷಟರ್ ಎದ್ದಿರುತ್ತದೆ, ಅದೂ ಅರ್ಧ. ಬಾಗಿ ಒಳಗೆ ನುಸುಳಿದರೆ, ನಲವತ್ತಾರರ ನೀಲಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕದ ಮೇಲೊಂದು ಭೂತಗನ್ನಡಿ ಏರಿಸಿಕೊಂಡು, ಇಟ್ಟಿಗೆಯಷ್ಟು ದಪ್ಪನೆಯ ಹಲಗೆಯೊಂದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಿದ್ದಾರೆ. ಅಂಗಡಿ ಎಷ್ಟು ಇಕ್ಕಟ್ಟೆಂದರೆ ಒಳಗೆ ಎಳೆದುಕೊಂಡ ಉಸಿರನ್ನು ಬಿಡಲು ಓಣಿಗೇ ಬರಬೇಕು. ಹಲಗೆಯಿಂದ ಕೆಂಪು ಪುಡಿ ಉದುರಿ ಹಳೆ ಪತ್ರಿಕೆಯ ಮೇಲೆ ಗುಡ್ಡೆಯಾಗುತ್ತಿದೆ. ಇಂಥ ಒಂದು ವಾರದ ಗುಡ್ಡೆ ಕೂಡಿಸಿದರೆ ಉಕ್ಕಿನ ಕಾರ್ಖಾನೆಯೊಂದು ಮೂರು ಪಾಳಿ ನಡೆಯುವಷ್ಟು ಅದಿರು ಸಿಗುತ್ತದೆ.

ಈ ಹಲಗೆಗೆ ಗ್ರಾಫಿಕ್ಸ್ ಕಾರ್ಡು ಎಂದು ಹೆಸರು. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ ಕುದುರೆ, ಕಾರು, ಬಂದೂಕು, ಬೆಂಕಿಯನ್ನೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಬಿಡಿಸಿ ತೆರೆಯ ಮೇಲೆ ಓಡಿಸುವುದು ಇದೇ. ಇದು ಕೆಟ್ಟರೆ ತೆರೆ ಕಪ್ಪು. ಹೊಸದು ಕೊಳ್ಳಲು ಹೋದರೆ ಸಾಧಾರಣದ್ದಕ್ಕೆ ಒಂದು ಹಳೆ ಬೈಕಿನ ಬೆಲೆ, ದೊಡ್ಡದಕ್ಕೆ ಒಂದು ಜೋಡಿ ಎತ್ತಿನ ಬೆಲೆ. ಕೆಟ್ಟದ್ದನ್ನು ದೂರದೂರಿಗೆ ಕಳಿಸಿ ಕಾಯುವ ತಾಳ್ಮೆ ಆಟಗಾರರಿಗಿಲ್ಲ. ಹಾಗಾಗಿ ಸುತ್ತಲಿನ ಸತ್ತ ಕಾರ್ಡುಗಳೆಲ್ಲ ಈ ಓಣಿಗೆ ಬರುತ್ತವೆ.

“ಧೂಳು ನೋಡಿದ್ರ ಊರು ಗೊತ್ತಾಗ್ತೈತ್ರಿ,” ಎನ್ನುತ್ತಾರೆ ನೀಲಗಂಗಮ್ಮ, ಕೈ ನಿಲ್ಲಿಸದೆ. “ಕೆಂಪು ಇದ್ರ ದೋಣಿಮಲೈ, ಸಂಡೂರು. ಕರೇದು ಇದ್ರ ಕುರೆಕುಪ್ಪ ಕಡೇದು, ಉಕ್ಕಿನ ಕಾರ್ಖಾನಿ ಮಸಿ. ಹಂಪಿ ಲಾಡ್ಜಿನ ಕಂಪ್ಯೂಟರ್ ಬಂದ್ರ ಊದುಬತ್ತಿ ವಾಸ್ನಿ. ಕಂಪ್ಲೀದು ಬಂದ್ರ ತೌಡು. ಊರಿನ ಗಾಳಿ ಎಲ್ಲಾ ಫ್ಯಾನು ಒಳಗ ಎಳ್ಕಂಡಿರ್ತೈತಿ ನೋಡ್ರಿ.”

ಷಟರ್ ಕೆಳಗಿಂದ ಒಂದು ತಲೆ ತೂರುತ್ತದೆ. ದೋಣಿಮಲೈ ಗಣಿಯಲ್ಲಿ ಡಂಪರ್ ಓಡಿಸುವ ಪಂಪೇಶ್, ಪಾಳಿ ಮುಗಿಸಿ ನೇರ ಬಸ್ಸಿಗೆ ಬಂದಿದ್ದಾರೆ. ಕೆಂಪು ಕಾರ್ಡು ಅವರದೇ. ಕಾರ್ಡಿನ ಕ್ಷೇಮ ಕೇಳುವ ಮೊದಲೇ ಮೊಬೈಲು ಮುಂದೆ ಚಾಚುತ್ತಾರೆ.

“ಅಕ್ಕಾ, ರಿಪೇರಿ ನಿಲ್ಸು! ಹೊಸಾದು ಬರಾಕತ್ತೈತಿ. ಡಬಲ್ ಸ್ಪೀಡು, ಅರ್ಧ ರೇಟು!”

“ಯಾರ ಹೇಳಿದ್ರು?”

“ತೈವಾನಿಂದ ಲೀಕ್ ಆಗೈತಿ, ಕಾರ್ಡು ಮಾಡೋ ಕಂಪನಿ ಒಳಗಿಂದ.”

“ತೈವಾನಿನಾಗ ನಿಮ್ಮ ಸೋದರಮಾವ ಅದಾನೇನ್ಲೇ? ಹೋದ ತಿಂಗ್ಳೂ ಹಿಂಗ ಓಡ್ಕಂತ ಬಂದಿದ್ದಿ. ಕರೆಂಟ್ ಅರ್ಧ ಸಾಕಂತ, ಫ್ಯಾನ ಇರಂಗಿಲ್ಲಂತ.”

“ಅದು ಬ್ಯಾರೆ ಲೀಕ್ ಅಕ್ಕಾ. ಇದು ಪಕ್ಕಾ.”

“ಪಕ್ಕಾ ಆಗಿದ್ರ ಅದನ್ನ ಲೀಕ್ ಅಂತ ಯಾಕ ಅಂತಿದ್ರು? ಕುಂದ್ರು, ಛಾ ಕುಡಿ. ಬರೋದು ಬರ್ಲಿ, ಇದ್ದದ್ದು ತಿರುಗ್ತೈತಿಲ್ಲೋ ನೋಡಾಮು.”

ಮುಂದೆ ಬರಲಿರುವ ಕಾರ್ಡುಗಳ ಬಗೆಗಿನ ಇಂಥ ಗಾಳಿಮಾತುಗಳೇ ಈ ಅಂಗಡಿಯ ಹವಾಮಾನ. ‘ಬೆಲೆ ಇಳಿಯುತ್ತದಂತೆ’ ಎಂಬ ಸುದ್ದಿ ಮೊಬೈಲುಗಳಲ್ಲಿ ಹರಿದ ದಿನ ರಿಪೇರಿಗೆ ಕೊಟ್ಟವರು ಬಂದು ಕಾರ್ಡನ್ನು ಹಾಗೇ ವಾಪಸ್ ಒಯ್ಯುತ್ತಾರೆ. ನೀಲಗಂಗಮ್ಮ ಆ ದಿನ ಬೇಳೆ ಆರಿಸುತ್ತ ಕೂರುತ್ತಾರೆ. ‘ಮೆಮೊರಿ ಚಿಪ್ಪುಗಳನ್ನೆಲ್ಲ ಎ.ಐ. ಕಂಪನಿಗಳು ಬಾಚಿಕೊಳ್ಳುತ್ತಿವೆಯಂತೆ, ಬೆಲೆ ಏರುತ್ತದಂತೆ’ ಎಂಬ ಸುದ್ದಿ ಬಂದ ದಿನ ಅಟ್ಟದ ಮೇಲೆ ಎಸೆದಿದ್ದ ಕಾರ್ಡುಗಳೆಲ್ಲ ಕೆಳಗಿಳಿಯುತ್ತವೆ. ಅಂಥ ದಿನ ಬಾಗಿಲಿಂದ ಹೊರಟ ಸಾಲು ಹಂಪಿಯವರೆಗೂ ಹೋಗುತ್ತದೆ. ವಿದೇಶಿ ಪ್ರವಾಸಿಗರು ಇದ್ಯಾವುದೋ ದೇವರ ದರ್ಶನದ ಸಾಲೆಂದು ಚಪ್ಪಲಿ ಬಿಟ್ಟು ಹಿಂದೆ ಸೇರಿಕೊಳ್ಳುತ್ತಾರೆ. ಒಮ್ಮೆ ಒಬ್ಬ ಜರ್ಮನಿಯವನು ಮೂರು ದಿನ ನಿಂತು ಮುಂದೆ ಬಂದು, ನೀಲಗಂಗಮ್ಮನವರ ಕಾಲಿಗೆ ಬಿದ್ದು, ಪ್ರಸಾದವೆಂದು ಒಂದು ಸ್ಕ್ರೂ ಇಸಿದುಕೊಂಡು ಹೋದ.

ದಿನದ ಲೆಕ್ಕ ಕೇಳಿದರೆ ಸ್ವತಃ ನೀಲಗಂಗಮ್ಮ ತೋರಿಸುವುದು ನಾಲ್ಕು ಬೆರಳು. “ಅಷ್ಟ ಬರ್ತಾವ್ರಿ. ಐದು ಬಂದ್ರ ಹಬ್ಬ.”

ಅವರು ಹುಟ್ಟಿದ್ದು ಕುರೆಕುಪ್ಪದಲ್ಲಿ. ತಂದೆ ಎರ್ರಿಯಪ್ಪ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದವರು. ಶಾಲೆಯಿಂದ ಬಂದ ಮಗಳ ಕೈಗೂ ತಂತಿಯ ಉಂಡೆ ಕೊಡುತ್ತಿದ್ದರು. ಮದುವೆಯಾಗಿ ಹೊಸಪೇಟೆಗೆ ಬಂದರೆ ಗಂಡ ಹಂಪಯ್ಯ ಅದಿರಿನ ಲಾರಿ ಚಾಲಕ. ಗಣಿಗಳು ನಿಂತ ವರ್ಷ ಲಾರಿಯೂ ನಿಂತಿತು. ನೀಲಗಂಗಮ್ಮ ಕಾಲೊನಿಯೊಂದರಲ್ಲಿ ನೆಲ ಒರೆಸುವ ಗುತ್ತಿಗೆ ಕೆಲಸಕ್ಕೆ ಸೇರಿದರು. ಅಲ್ಲಿ ಯಾರದೋ ಮನೆಯ ಕಸದ ಬುಟ್ಟಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದೇ ಮೊದಲ ಗ್ರಾಫಿಕ್ಸ್ ಕಾರ್ಡು.

“ತಾಮ್ರ ಕಂಡ್ತು. ಬಿಸಾಕಾಕ ಮನಸ್ಸು ಬರ್ಲಿಲ್ಲ. ಅದರ ಚಿಪ್ಪಿನ ಕಾಲು ಬೆಸುಗಿ ಬಿಟ್ಟಾವ, ಕಾಯಿಸಿದ್ರ ಕುಂದ್ರತಾವ ಅಂತ ಯಾರೋ ಅಂದ್ರು. ನಮ್ಮನ್ಯಾಗ ಕಾಯೋದು ಅಂದ್ರ ರೊಟ್ಟಿ ಹಂಚು ಒಂದ. ರೊಟ್ಟಿ ಬಡದು, ಒಲಿ ಆರ್ಸಿ, ಹಂಚಿನ ಮ್ಯಾಲೆ ಇಟ್ಟೆ. ಒಂದು ವಾರ ನಡೀತ್ರಿ! ಆಮ್ಯಾಲೆ ಮತ್ತ ಸತ್ತೋತು.” ಬ್ರಷ್ಷು ಒಂದು ಕ್ಷಣ ನಿಲ್ಲುತ್ತದೆ. “ನಡದಿದ್ದಕ್ಕ ಅಲ್ಲ, ಮತ್ತ ಸತ್ತಿದ್ದಕ್ಕ ಭಾಳ ಸಿಟ್ಟು ಬಂತು. ಆ ಸಿಟ್ಟಿಗೆ ಕಲ್ತೀನಿ.”

ಮೊಬೈಲ್ ಅಂಗಡಿಯೊಂದರಲ್ಲಿ ಕೂತು ಬೆಸುಗೆ ಕಲಿತರು. ಹಿಂದಿ, ತೆಲುಗು ವಿಡಿಯೊಗಳನ್ನು ಮಾತು ಅರ್ಥವಾಗದಿದ್ದರೂ ಕೈ ನೋಡಿ ನೋಡಿ ಕಲಿತರು. ಬೆರಳ ತುದಿಗಳು ಎಷ್ಟು ಸಲ ಸುಟ್ಟಿವೆಯೆಂದರೆ, ಹೊಗೆಯಾಡುವ ಛಾ ಲೋಟವನ್ನು ಮುಟ್ಟಿ ‘ಆರಿ ಹೋಗೈತಿ’ ಎಂದು ಈಗಲೂ ವಾಪಸ್ ಕಳಿಸುತ್ತಾರೆ. ಅಂಗಡಿ ತೆರೆದ ಹೊಸದರಲ್ಲಿ ಬಂದವರೆಲ್ಲ ಅವರ ತಲೆಯ ಮೇಲಿಂದ ಒಳಗೆ ಇಣುಕಿ ಕೇಳುತ್ತಿದ್ದುದು ಒಂದೇ ಮಾತು: “ಮಿಸ್ತ್ರಿ ಎಲ್ಲಿ ಅದಾರ?”

“ಊಟಕ್ಕ ಹೋಗ್ಯಾನ, ಇಟ್ಟು ಹೋಗ್ರಿ ಅಂತಿದ್ದೆ. ಸಂಜಿಗೆ ಬಂದು ಮತ್ತ ಕೇಳೋರು, ಮಿಸ್ತ್ರಿ ಇನ್ನೂ ಬಂದಿಲ್ಲೇನು ಅಂತ. ಬಂದಿದ್ದ, ನಿಮ್ಮ ಕೆಲ್ಸ ಮುಗಿಸಿ ಮತ್ತ ಊಟಕ್ಕ ಹೋದ ಅಂತಿದ್ದೆ. ಭಾಳ ಮಂದಿ ಅಂದ್ಕಂಡಿದ್ರು, ಈ ಅಂಗಡಿ ಮಿಸ್ತ್ರಿ ಅದೆಷ್ಟು ತಿಂತಾನಪ್ಪಾ ಅಂತ.”

ಹೀಗೆ ನಡೆಯುತ್ತಿದ್ದ ಅಂಗಡಿಗೆ ಈ ಸಲದ ಆಯುಧ ಪೂಜೆ ಮುಗಿದ ವಾರ ಕಂಪ್ಲಿಯಿಂದ ಒಂದು ಫೋನು ಬರುತ್ತದೆ. ಮಾಡಿದವರು ಸಿದ್ದಲಿಂಗೇಶ್. ಅಕ್ಕಿ ಗಿರಣಿಯ ಕೊಟ್ರಯ್ಯನವರ ಮಗ. ಗಿರಣಿಯ ಮಹಡಿಯಲ್ಲಿ ಹತ್ತು ಕಂಪ್ಯೂಟರ್ ಹಾಕಿ, ಗಂಟೆ ಲೆಕ್ಕದಲ್ಲಿ ಆಟ ಆಡಲು ಬಿಡುವ ಕೋಣೆ ನಡೆಸುತ್ತಾರೆ. ಆ ಹತ್ತು ಕಾರ್ಡುಗಳ ಉಪಚಾರವೇ ನೀಲಗಂಗಮ್ಮನವರ ಅರ್ಧ ದುಡಿಮೆ.

“ಅಕ್ಕಾರ, ಪೂಜಿ ಆದಾಗಿಂದ ಕಾರ್ಡು ಒಂದೊಂದ ಕೈ ಕೊಡಾಕತ್ತಾವ. ಮೂರು ಅವತ್ತ ಕರ್ರಗಾದ್ವು. ಉಳದಾವು ಆಟದ ನಡುವ ನಿಂತ್ಕಂತಾವ. ವಯಸ್ಸಾತು ಬಿಡ್ರಿ. ಹ್ಯಾಂಗೂ ಹೊಸಾದು ದೀಪಾವಳಿಗೆ ಬರ್ತೈತಂತ, ಡಬಲ್ ಸ್ಪೀಡು, ಅರ್ಧ ರೇಟು. ಬಳ್ಳಾರಿ ಗುಜರಿ ವ್ಯಾಪಾರಿ ಒಬ್ರು ಹತ್ತೂ ಇದ್ದಂಗ ಒಯ್ತೀನಂದಾರ. ಸೋಮವಾರ ಗಾಡಿ ಬರ್ತೈತಿ.”

“ಅರ್ಧ ರೇಟು ಅಂತ ಯಾರಂದ್ರು?”

“ಎಲ್ಲಾರೂ ಅಂತಾರಲ್ರಿ!”

“ಎಲ್ಲಾರಿಗಿಂತ ಮದ್ಲ ಅಂದಾವ ಯಾರು?”

“ದೋಣಿಮಲೈದಾಗ ಪಂಪೇಶ್ ಅಂತ ಅದಾನ್ರಿ. ಅವ್ನಿಗೆ ಕಂಪನಿ ಒಳಗಿಂದೆಲ್ಲಾ ಗೊತ್ತು.”

ನೀಲಗಂಗಮ್ಮ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಕಿವಿಗಿಟ್ಟು, “ಸೋಮವಾರದ ತನಕ ಒಂದಕ್ಕೂ ಕೈ ಹಚ್ಚಬ್ಯಾಡ್ರಿ. ನಾಳೆ ಬರ್ತೀನಿ,” ಎನ್ನುತ್ತಾರೆ.

ಆ ಹತ್ತು ಕಾರ್ಡು ಗುಜರಿಗೆ ಹೋದರೆ ಉಳಿದರ್ಧ ದುಡಿಮೆಯಲ್ಲಿ ಅಂಗಡಿ ನಡೆಯುವುದಿಲ್ಲ. ಷಟರ್ ಇಳಿಸಿ ಮತ್ತೆ ಕಾಲೊನಿಗೆ ಹೋಗಬೇಕು. “ನೆಲ ಒರಸೋದು ಕೀಳಲ್ರಿ,” ಎನ್ನುತ್ತಾರೆ ಅವರು. “ಆದ್ರ ನನ್ನ ಕೈ ಬ್ಯಾರೆದ್ದು ಕಲ್ತೈತಿ. ಕಲ್ತ ಕೈನ ಸುಮ್ನ ಕುಂದ್ರಸಾಕ ಆಗಂಗಿಲ್ಲ.”

ಶನಿವಾರ ಮೊದಲ ಬಸ್ಸು. ಮಡಿಲಲ್ಲಿ ಸಾಮಾನಿನ ಚೀಲ. ನೀಲಗಂಗಮ್ಮನವರ ಅವಸರ ಬಸ್ಸಿಗೂ ತಗುಲಿ, ಕಬ್ಬಿನ ಗದ್ದೆಗಳ ನಡುವೆ ಅದು ನಾಲ್ಕು ಗಾಲಿ ಎತ್ತಿಕೊಂಡು ಹಾರಿ, ಕಂಪ್ಲಿ ದಾಟಿ ಹೊಳೆಯ ಆಚೆ ದಡದಲ್ಲಿ ಇಳಿದು, ಕಂಡಕ್ಟರ್ ಬೈದ ಮೇಲೆ ಹಿಂದಕ್ಕೆ ಬಂತು.

ಗಿರಣಿಯ ಮಹಡಿಯಲ್ಲಿ ಸಿದ್ದಲಿಂಗೇಶ್ ಕಾಯುತ್ತಿದ್ದಾರೆ. ಮೂಲೆಯ ಕುರ್ಚಿಯಲ್ಲಿ ಕೊಟ್ರಯ್ಯ. ಹಣೆಯ ತುಂಬ ವಿಭೂತಿ, ತೋಳಿಗೆ ತೌಡು. ಮಗನ ಆಟದ ಕೋಣೆಗೆ ಎಂದೂ ಹತ್ತದ ಹಿರಿಯರು ಅವತ್ತು ಯಾಕೋ ಬಂದು ಕೂತಿದ್ದಾರೆ. ನೀಲಗಂಗಮ್ಮ ಮೊದಲ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಕಾರ್ಡನ್ನು ಎಳೆದು ಬೋರಲು ಮಾಡುತ್ತಾರೆ. ಹಳೆಯ ಕಾರ್ಡುಗಳ ಬೆನ್ನಿಗೆ ತಗಡಿನ ಹೊದಿಕೆ ಇರುವುದಿಲ್ಲ. ಸಾಸಿವೆ ಕಾಳಿನಂಥ ಭಾಗಗಳೆಲ್ಲ ಬತ್ತಲೆ. ಆ ಬತ್ತಲೆ ಬೆನ್ನಿನ ಮೇಲೆ ಅಡ್ಡಡ್ಡ ಮೂರು ಬಿಳಿ ಪಟ್ಟೆ. ನಡುವೆ ಕುಂಕುಮ.

ಎರಡನೆಯದರ ಬೆನ್ನಿಗೂ ಮೂರು ಪಟ್ಟೆ. ಮೂರನೆಯದಕ್ಕೂ.

“ಏನಾತ್ರಿ ಅಕ್ಕಾರ? ವಯಸ್ಸಲ್ಲೇನು?”

ನೀಲಗಂಗಮ್ಮ ಮೂಲೆಯ ಕಡೆ ನೋಡುವುದಿಲ್ಲ. “ವಯಸ್ಸಲ್ರಿ. ಹಸಿ ಬಡದೈತಿ.”

“ಕಂಪ್ಲಿ ಬಿಸಲಾಗ ಹಸಿ ಎಲ್ಲಿಂದ ಬಂತು?”

“ಕಾಲುವಿ ನೀರಿನ ಊರಲ್ರಿ ಇದು...”

ಕುರ್ಚಿ ಕಿರುಗುಡುತ್ತದೆ. “ಕಾಲುವಿ ಮ್ಯಾಲೆ ಯಾಕ ಹಾಕ್ತಿ ತಂಗಿ,” ಎನ್ನುತ್ತಾರೆ ಕೊಟ್ರಯ್ಯ. “ನಾನ ಹಚ್ಚೀನಿ. ವಿಭೂತಿ ನೀರಾಗ ತೇದು.”

“ಅಪ್ಪಾ! ಕಂಪ್ಯೂಟರ್ ಡಬ್ಬಿ ಬಿಚ್ಚಿದ್ಯಾ?”

“ಬಿಚ್ಚಿದೆ. ಮಿಲ್ಲಿನ ಮೋಟಾರಿಗೆ ಹಚ್ತೀವಿ, ತಕ್ಕಡಿಗೆ ಹಚ್ತೀವಿ, ಟ್ರ್ಯಾಕ್ಟರಿಗೆ ಹಚ್ತೀವಿ. ದುಡಿಯೋದು ಡಬ್ಬಿ ಅಲ್ಲ, ಒಳಗಿನ ಕಾರ್ಡು ಅಂತ ನೀನ ಹೇಳಿದ್ದಿ. ಹೊರಗಿನ ಡಬ್ಬಿಗೆ ಹಚ್ಚಿ ಕೈ ಮುಗುದ್ರ ಅದು ಪೂಜಿ ಏನಲೇ? ಮೂರಕ್ಕ ಹಚ್ಚಿ, ಹಚ್ಚಿದ ಕೈಲೆ ಚಾಲೂ ಮಾಡಿದೆ. ಉಳದಾವಕ್ಕ ಆಮ್ಯಾಲೆ ಹಚ್ಚಿದೆ, ಅವತ್ತು ಚಾಲೂ ಮಾಡ್ಲಿಲ್ಲ.”

ಮಗ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ನೀಲಗಂಗಮ್ಮ ಮಾತ್ರ ಚೀಲ ಬಿಚ್ಚುತ್ತಾರೆ. “ಭಕ್ತಿ ತಪ್ಪಲ್ರಿ ಸಾವ್ಕಾರ್ರ, ನೀರು ತಪ್ಪು. ಮುಂದಿನ ವರ್ಷ ಒಣಾದು ಹಚ್ಚ್ರಿ, ಅದೂ ಡಬ್ಬಿ ಮ್ಯಾಗ. ಒಳಗಿನೋರಿಗೆ ಅಲ್ಲಿಂದ್ಲೇ ಮುಟ್ತೈತಿ.”

ಆಮೇಲಿನ ಎರಡು ಹಗಲು ಆ ಮಹಡಿಯಲ್ಲಿ ಆಟವಿಲ್ಲ. ಹತ್ತೂ ಕಾರ್ಡುಗಳ ಫ್ಯಾನು ಬಿಚ್ಚಿ, ಒಣಗಿ ಗಟ್ಟಿಯಾದ ವಿಭೂತಿಯನ್ನು ಬ್ರಷ್ಷಿನಿಂದ ಎಬ್ಬಿಸಿ, ಟ್ರ್ಯಾಕ್ಟರಿಗೆಂದು ತಂದಿಟ್ಟಿದ್ದ, ಭಟ್ಟಿ ಇಳಿಸಿದ ಬ್ಯಾಟರಿ ನೀರಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿ ಸಾಲಾಗಿ ಬಿಸಿಲಿಗಿಡುತ್ತಾರೆ. ಕಾವಲಿಗೆ ಕೊಡೆ ಹಿಡಿದು ಕೂತವರು ಕೊಟ್ರಯ್ಯ. ಗಿರಣಿಯನ್ನು ಎರಡು ದಿನ ನಿಲ್ಲಿಸಿದವರೂ ಅವರೇ, ತೌಡು ಹಾರಬಾರದೆಂದು.

“ಹಪ್ಪಳ ಒಣಗ್ಸಿದಂಗ ಆತಲ್ಲ ತಂಗಿ.”

“ಹಪ್ಪಳಾಗಿದ್ರ ಕೆಟ್ರೂ ಕರದು ತಿನ್ನಬೌದಿತ್ರಿ.”

ಒಣಗಿದ್ದನ್ನು ಒಂದೊಂದಾಗಿ ಮೇಜಿಗೆ ತಂದು, ಮೀಟರಿನ ಎರಡು ಮೊನೆ ಊರಿ, ಎಲ್ಲಿ ವಿದ್ಯುತ್ತು ದಾರಿ ತಪ್ಪಿದೆ ಎಂದು ಹುಡುಕುತ್ತಾರೆ. ಸುಟ್ಟ ಕಾಳು ಕಿತ್ತು ಬೇರೆ ಕಾಳು ಕೂರಿಸುತ್ತಾರೆ. ಮೂಗಿನ ತುದಿಯ ಬೆವರು ಕಾರ್ಡಿನ ಮೇಲೆ ಬೀಳದ ಹಾಗೆ ಸಿದ್ದಲಿಂಗೇಶ್ ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದಾರೆ.

ಸೋಮವಾರ ಬೆಳಿಗ್ಗೆ ಗುಜರಿಯ ಗಾಡಿ ಗಿರಣಿಯ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತದೆ. ನೀಲಗಂಗಮ್ಮ ಕೊನೆಯ ಮುಚ್ಚಳ ಮುಚ್ಚಿ ಸ್ವಿಚ್ಚು ಒತ್ತುತ್ತಾರೆ. ಏನು ಹೇಳುವುದು! ಹತ್ತಕ್ಕೆ ಹತ್ತೂ ಕಾರ್ಡು ಒಟ್ಟಿಗೇ ಗುಟುರು ಹಾಕಿ ಏಳುತ್ತವೆ. ತೆರೆಗಳ ಬೆಳಕಿಗೆ ಕಂಪ್ಲಿಯ ಬೀದಿದೀಪಗಳು ನಾ‌ಚಿ ಆರುತ್ತವೆ. ಆಟದ ಕುದುರೆಗಳ ಖುರಪುಟಕ್ಕೆ ಗಿರಣಿಯ ಭತ್ತ ತಾನಾಗಿಯೇ ಸಿಪ್ಪೆ ಬಿಟ್ಟು ಅಕ್ಕಿಯಾಗುತ್ತದೆ. ಬಜಾರಿನ ಜನ ಮಹಡಿ ಹತ್ತಿ ಚಪ್ಪಾಳೆ ತಟ್ಟುತ್ತಾರೆ. ತೈವಾನಿನಲ್ಲಿ ಕಂಪನಿಯವರು ಇದನ್ನು ಕೇಳಿ, ಹಳೆಯದೇ ಇಷ್ಟು ಓಡಿದರೆ ಹೊಸದನ್ನು ಯಾರು ಕೊಳ್ಳುತ್ತಾರೆ ಎಂದು ಕಾರ್ಖಾನೆಗೆ ರಜೆ ಕೊಡುತ್ತಾರೆ.

ಬರಹ ಇಲ್ಲಿಗೆ ಮುಗಿಯಬೇಕಿತ್ತು. ಹೆಸರು, ಊರು ಸರಿಯಿದೆಯೇ ಎಂದು ಕೇಳಲು ಇದನ್ನು ನೀಲಗಂಗಮ್ಮನವರಿಗೆ ಓದಿ ಹೇಳಿದ್ದು ಎಡವಟ್ಟಾಯಿತು. ಉಳಿದದ್ದಕ್ಕೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕವರು ಹತ್ತು ಕಾರ್ಡಿನ ಮಾತಿಗೆ ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟರು.

“ಹತ್ತು ಎಲ್ಲಿ ಎದ್ವು?”

ಹತ್ತು ಎಂದರೆ ಓದುವವರಿಗೆ ಖುಷಿಯಾಗುತ್ತದೆ ಎಂಬ ಸಮಜಾಯಿಷಿ ಅವರ ಮುಂದೆ ನಡೆಯಲಿಲ್ಲ.

“ಖುಷಿ ಆಗ್ತೈತ್ರಿ. ಆದ್ರ ಓದಿದೋರು ಮರುದಿನ ಸತ್ತ ಕಾರ್ಡು ಹಿಡ್ಕಂಡು ಬರ್ತಾರ, ನೀಲಕ್ಕನ ಕೈಯಾಗ ಎಲ್ಲಾ ಏಳ್ತಾವಂತ ಅಂತ. ಅವ್ರಿಗೆ ನಾ ಏನ ಹೇಳ್ಲಿ? ಪಂಪೇಶಾನೂ ಸುಳ್ಳ ಹೇಳಾಂವಲ್ಲ. ಕೇಳಿದ್ದಕ್ಕ ಒಂದೀಟು ಸೇರಸ್ತಾನ. ಆ ಒಂದೀಟಿಗೆ ಸಾವ್ಕಾರ್ರ ಮನಿ ಕಾರ್ಡು ಗುಜರಿಗೆ ಹೊಂಟಿದ್ವು. ನೀವೂ ಸೇರಸ್ಬ್ಯಾಡ್ರಿ. ಏಳು ಎದ್ದಾವ. ಏಳು ಅಂತ ಬರೀರಿ.”

ಇನ್ನು ನಿಜ. ಏಳು ಎದ್ದವು, ಅದೂ ಒಟ್ಟಿಗಲ್ಲ. ಆರನೆಯದು ಏಳುವಾಗ ಕರೆಂಟು ಹೋಗಿ, ಅದು ಬರುವವರೆಗೆ ಎಲ್ಲರೂ ಕಾದರು. ಚಪ್ಪಾಳೆ ತಟ್ಟಲು ಕೋಣೆಯಲ್ಲಿ ಇದ್ದದ್ದು ತಂದೆ, ಮಗ ಮತ್ತು ಗುಜರಿ ಗಾಡಿಯ ಚಾಲಕ, ಯಾರೂ ತಟ್ಟಲಿಲ್ಲ. ಕೊಟ್ರಯ್ಯ “ಹ್ಞೂಂ” ಎಂದು ಕೆಳಗಿಳಿದು ಗಿರಣಿ ಚಾಲೂ ಮಾಡಿದರು. ಚಾಲಕ ಛಾ ಕುಡಿದು ಖಾಲಿ ಗಾಡಿ ಒಯ್ದರು. ಒದ್ದೆಯಲ್ಲೇ ಚಾಲೂ ಆಗಿದ್ದ ಮೂರು ಕಾರ್ಡು ಏನು ಮಾಡಿದರೂ ಏಳಲಿಲ್ಲ. ಅವನ್ನು ನೀಲಗಂಗಮ್ಮ ಹೊಸಪೇಟೆಗೆ ತಂದರು. ದೀಪಾವಳಿ ಬಂದು ಹೋಯಿತು, ಹೊಸ ಕಾರ್ಡು ಬಂದಿಲ್ಲ. ಅದರ ಓಟ ಎಷ್ಟು, ಬೆಲೆ ಎಷ್ಟು ಎಂಬುದು ಪಂಪೇಶ್ ಅವರನ್ನು ಬಿಟ್ಟರೆ ಇನ್ನೂ ಯಾರಿಗೂ ತಿಳಿಯದು. ಸಿದ್ದಲಿಂಗೇಶ್ ಏಳು ಕಂಪ್ಯೂಟರಿನಲ್ಲಿ ಕೋಣೆ ನಡೆಸುತ್ತಿದ್ದಾರೆ. ಓಣಿಯ ಷಟರ್ ಇಳಿದಿಲ್ಲ.

ಕೊನೆಗೆ, ನಿಮ್ಮ ಆಸೆ ಏನಾದರೂ ಇದ್ದರೆ ಹೇಳಿ, ಒಂದು ಅಕ್ಷರ ಸೇರಿಸದೆ ಬರೆಯಲಾಗುವುದು ಎಂದದ್ದಕ್ಕೆ ನೀಲಗಂಗಮ್ಮ ಭೂತಗನ್ನಡಿ ಕೆಳಗಿಳಿಸಿ ಮತ್ತೆ ಕಡ್ಡಿ ಎತ್ತಿಕೊಂಡರು.

“ಎಂಟನೇದು ನಿನ್ನೆ ಫ್ಯಾನು ತಿರುಗಿಸೈತಿ. ಚಿತ್ರ ಬಂದಿಲ್ಲ. ಬರಸ್ತೀನಿ. ಬಂದ ದಿನ ಎಂಟು ಅಂತ ಬರೀರಿ.”